ಹಳೆಯ ನಿಕ್ಕೊರ್ 200 ಮಿ.ಮೀ. ಲೆನ್ಸ್: ಮೊದಲ ಅನಿಸಿಕೆಗಳು

ನಿಕಾನ್ ಕಂಪನಿಯು 1977ರಲ್ಲಿ ಎಐ (ಆಟೊಮ್ಯಾಟಿಕ್ ಇಂಡೆಕ್ಸಿಂಗ್, ಅಂದರೆ ಲೆನ್ಸಿನ ಕಿಂಡಿಯ ಅಳತೆ ಕ್ಯಾಮೆರಾಕ್ಕೆ ತಾನಾಗಿ ತಿಳಿಯುವ) ಪದ್ಧತಿಯನ್ನು ತಂದ ಕಾಲದ ನಿಕ್ಕೊರ್ 200 ಮಿ.ಮೀ. ಎಫ್/4 ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡು, ಅಡಾಪ್ಟರ್ ಮೂಲಕ ನನ್ನ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಿ ಬಳಸುತ್ತಿದ್ದೇನೆ. ತೂಕ ಸುಮಾರು ಅರ್ಧ ಕಿಲೋ. ಅಡ್ಡ ಬೆಳಕನ್ನು ತಡೆಯುವ ಹುಡ್ ಲೆನ್ಸಿನಲ್ಲೇ ಇದ್ದು, ಬೇಕಾದಾಗ ಮುಂದಕ್ಕೆ ಎಳೆದುಕೊಂಡರೆ ಸಾಕು.

ಕೊಳ್ಳುವ ಮುನ್ನ ಅಪರ್ಚರನ್ನು (ಬೆಳಕು ಹಾಯುವ ಕಿಂಡಿಯನ್ನು) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡಿದೆ. ಫಂಗಸ್ಸಿನ ಎಳೆಗಳಾಗಲಿ, ಗಾಜಿನ ಮೇಲೆ ಮಂಜಿನಂಥ ಪೊರೆಯಾಗಲಿ ಕಾಣಲಿಲ್ಲ. ಒಂದೆರಡು ಧೂಳಿನ ಕಣಗಳಿದ್ದವು, ಅವು ಚಿತ್ರವನ್ನು ಕೆಡಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಫೋಕಸ್ ರಿಂಗ್ ಎಲ್ಲಿಯೂ ತಡೆಯದೆ, ಎಲ್ಲಿಯೂ ಸಡಿಲವೆನಿಸದೆ ತಿರುಗಿತು, ಏಕೆಂದರೆ ಒಳಗಿನ ಗ್ರೀಸ್ ಒಣಗಿದ ಲೆನ್ಸಿನಲ್ಲಿ ಈ ಸುಖ ಸಿಗುವುದಿಲ್ಲ.

ಆ ರಿಂಗಿನ ತಿರುವು ದೀರ್ಘವಾಗಿರುವುದೇ ಈ ಲೆನ್ಸಿನ ದೊಡ್ಡ ಗುಣವೆಂದು ನನಗೆ ಅನಿಸುತ್ತಿದೆ. ಐದು ಮೀಟರ್ ದೂರದಲ್ಲಿರುವ ವಸ್ತುವನ್ನು ಎಫ್/4ರಲ್ಲಿ, ಅಂದರೆ ಅಪರ್ಚರನ್ನು ಪೂರ್ತಿ ತೆರೆದು, ತೆಗೆದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ 15 ಸೆಂಟಿಮೀಟರ್. ಅತ್ಯಂತ ಸಮೀಪದ ಎರಡು ಮೀಟರ್ ದೂರಕ್ಕೆ ಬಂದಾಗ ಅದು ಎರಡು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ತೆಳುವಾದ ಪದರವನ್ನು ಎಲೆಯ ಅಂಚಿನಲ್ಲಿಡಬೇಕೋ ನಡುನರದ ಮೇಲಿಡಬೇಕೋ ಎಂದು ಬೆರಳ ತುದಿಯಲ್ಲೇ ತೀರ್ಮಾನಿಸಲು ಸಾಧ್ಯವಾಗುವುದು ರಿಂಗ್ ಅಷ್ಟು ನಿಧಾನವಾಗಿ ದೂರವನ್ನು ಬದಲಿಸುವುದರಿಂದಲೇ. ಸ್ಪಷ್ಟವಾಗಿರುವ ಭಾಗವನ್ನು ಗುರುತಿಸಲೆಂದು ಕ್ಯಾಮೆರಾದ ಫೋಕಸ್ ಪೀಕಿಂಗ್ ಸೌಲಭ್ಯ ತೋರಿಸುವ ಬಣ್ಣದ ಅಂಚುಗಳು ಇಲ್ಲಿ ಸಾಲವು, ಏಕೆಂದರೆ ನಿಜವಾದ ಸ್ಪಷ್ಟತೆಗಿಂತ ಅಗಲವಾದ ಪಟ್ಟಿಯನ್ನೇ ಅವು ಬೆಳಗಿಸುತ್ತವೆ. ವ್ಯೂಫೈಂಡರಿನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡುವುದೇ ನಂಬಬಹುದಾದ ದಾರಿ. ದೂರದ ಬೆಟ್ಟವನ್ನು ತೆಗೆಯುವಾಗಲೂ ಹೀಗೆಯೇ ಮಾಡಬೇಕು. ಅಡಾಪ್ಟರುಗಳನ್ನು ಸಾಮಾನ್ಯವಾಗಿ ಬೇಕಾದುದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿ ಮಾಡಿರುತ್ತಾರಾದ್ದರಿಂದ, ರಿಂಗನ್ನು ಕೊನೆಯವರೆಗೂ ತಿರುಗಿಸಿದರೆ ಫೋಕಸ್ ಅನಂತ ದೂರವನ್ನು ದಾಟಿ ಬೆಟ್ಟ ಮಸುಕಾಗಿಬಿಡುತ್ತದೆ.

ಲೆನ್ಸಿಗೆ ವಿದ್ಯುತ್ ಸಂಪರ್ಕವಿಲ್ಲದ ಕಾರಣ, ಕೈ ನಡುಕವನ್ನು ಸರಿದೂಗಿಸುವ, ಕ್ಯಾಮೆರಾದ ಒಳಗಿನ ಸ್ಟೆಬಿಲೈಸೇಷನ್ ಸರಿಯಾಗಿ ಕೆಲಸ ಮಾಡಬೇಕಾದರೆ ಮೆನುವಿನಲ್ಲಿ 200 ಎಂದು ನಾವೇ ನಮೂದಿಸಬೇಕು. ಸ್ಟೆಬಿಲೈಸೇಷನ್ ಇಲ್ಲದ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ತೆಗೆಯುವವರು ಶಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ಇಳಿಸದಿರುವುದು ಕ್ಷೇಮ.

ಚಿತ್ರದ ಗುಣದ ಬಗ್ಗೆ ಹೇಳುವುದಾದರೆ, ಎಫ್/4ರಲ್ಲಿ ವಿವರಗಳು ಚೆನ್ನಾಗಿಯೇ ಇವೆ, ಆದರೆ ಬಿಳಿಯ ಆಕಾಶಕ್ಕೆದುರಾದ ಕಪ್ಪು ಕೊಂಬೆಗಳ ಅಂಚಿನಲ್ಲಿ ನೇರಳೆ ಬಣ್ಣ ಇಣುಕುತ್ತದೆ. ಅಪರ್ಚರನ್ನು ಕಿರಿದಾಗಿಸಿ ಎಫ್/5.6ಕ್ಕೆ ಬಂದಾಗ ಅದು ತಗ್ಗಿ, ಕಾಂಟ್ರಾಸ್ಟ್ ಕೂಡ ಏರುತ್ತದೆ. ಎಫ್/8ರಲ್ಲಿ ತೆಗೆದ ಕಲ್ಲಿನ ಗೋಡೆಯ ಚಿತ್ರಗಳನ್ನು ನೋಡಿದರೆ ನನಗೆ ಯಾವ ದೂರೂ ಇಲ್ಲ. ಫೋಕಸನ್ನು ಕೈಯಿಂದಲೇ ಮಾಡಬೇಕಾದುದರಿಂದ, ಹಾರುವ ಹಕ್ಕಿಗಳನ್ನೇ ಬೆನ್ನಟ್ಟುವವರಿಗೆ ಈ ಲೆನ್ಸನ್ನು ನಾನು ಸೂಚಿಸಲಾರೆ. ಒಂದೇ ಕೊಂಬೆಗೆ ಮತ್ತೆ ಮತ್ತೆ ಮರಳುವ ಹಕ್ಕಿಯಾದರೆ, ಆ ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟು ಕಾಯುವ ವ್ಯವಧಾನವಿದ್ದವರಿಗೆ ಇದು ಧಾರಾಳವಾಗಿ ಸಾಕು.