ಬಸ್ಸಿನ ಮೆಟ್ಟಿಲು

ಇವತ್ತು ತುಮಕೂರಿನ ಬಟವಾಡಿ ಸ್ಟಾಪಿನಲ್ಲಿ ಒಬ್ಬರು ಅಜ್ಜಿ ಬಸ್ಸು ಹತ್ತಿದರು. ಕೈಯಲ್ಲಿ ಹುಣಸೆಹಣ್ಣಿನ ಚೀಲ. ಮೊದಲು ಚೀಲ ಮೆಟ್ಟಿಲ ಮೇಲೆ, ಆಮೇಲೆ ಕಾಲು. ಮತ್ತೆ ಚೀಲ, ಮತ್ತೆ ಕಾಲು. "ನಿಧಾನಕ್ಕೆ ಹತ್ತಜ್ಜಿ" ಅಂದರು ಕಂಡಕ್ಟರ್.

ಹಿಂದೆ ಒಂದು ಕಾರು, ಹಾರ್ನ್ ಮೇಲೆ ಹಾರ್ನ್. ಅದರಲ್ಲಿ ಇದ್ದದ್ದು ಒಬ್ಬರೇ! ನಮ್ಮ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ.

ಬಸ್ಸು ತಡವಾಗೋದು ಬರೀ ಟ್ರಾಫಿಕ್‌ನಿಂದ ಅಲ್ಲ. ಹತ್ತೋದು, ಇಳಿಯೋದು, ಚಿಲ್ಲರೆ ಹುಡುಕೋದು, ಎಲ್ಲ ಸೇರಿ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನನಗೆ ಹಿಡಿಸಿದ್ದು ಇದೇ, ಈ ತಾಪತ್ರಯ ಇಲ್ಲ. ಎಲ್ಲರೂ ಎಸಿ ಬಗ್ಗೆ ಹೇಳ್ತಾರೆ, ಇರಲಿ. ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಒಂದೇ ಎತ್ತರ. ಟಿಕೆಟ್ ನಿಲ್ದಾಣದಲ್ಲೇ. ಬಾಗಿಲು ತೆರೆದರೆ ಸುಮ್ನೆ ಒಳಗೆ ನಡೆದರಾಯಿತು. ಜೊತೆಗೆ ಬಸ್ಸಿಗೇ ಅಂತ ಬೇರೆ ದಾರಿ. ಬ್ರೆಜಿಲ್‌ನ ಕುರಿಟಿಬಾದಲ್ಲಿ ಇಂಥ ದಾರಿ 1974ರಲ್ಲೇ ಶುರುವಾಗಿತ್ತು. ನಮ್ಮ ರಾಜ್ಯಕ್ಕೆ ಬಂದದ್ದು 2018ರಲ್ಲಿ.

ದೆಹಲಿಯವರೂ 2008ರಲ್ಲಿ ಇಂಥ ದಾರಿ ಮಾಡಿದ್ದರು. ಕಾರಿನವರು ಸಿಟ್ಟಾದರು. 2016ರಲ್ಲಿ ಕಿತ್ತೇ ಹಾಕಿದರು. ಒಂದು ಲೇನ್ ಬಿಟ್ಟುಕೊಡೋದು ಅಷ್ಟು ಕಷ್ಟ ನೋಡಿ.

ನಮ್ಮ ಬಿ.ಎಚ್. ರಸ್ತೆಗೆ ಅಷ್ಟು ದೊಡ್ಡ ಯೋಜನೆ ಬೇಡ ಬಿಡಿ. ಬೆಳಗ್ಗೆ, ಸಂಜೆ ಒಂದು ಲೇನ್ ಬಸ್ಸಿಗೆ ಬಿಡಲಿ. ಸ್ಟಾಪಿನ ಕಟ್ಟೆ ಸ್ವಲ್ಪ ಎತ್ತರಿಸಲಿ. ಅದಕ್ಕೂ ಮೊದಲು ಅಂಚಿನಲ್ಲಿ ನಿಲ್ಲಿಸಿರೋ ಗಾಡಿಗಳನ್ನ ಎಬ್ಬಿಸಬೇಕು, ಅದು ಬೇರೆಯೇ ಜಗಳ.

ಹುಬ್ಬಳ್ಳಿ ಕಡೆಯವರು ಯಾರಾದರೂ ಇದ್ದೀರಾ? ಸಂಜೆ ಹೊತ್ತು ಚಿಗರಿಯಲ್ಲಿ ಸೀಟು ಸಿಗುತ್ತಾ?