ಪಾಪನಿವೇದನೆಗೆ ಫಾದರ್ ಯಾಕೆ ಬೇಕು?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುತ್ತಾ ಬಂತೆಂದರೆ ಶಿವಮೊಗ್ಗದ ಪವಿತ್ರ ಹೃದಯ ದೇವಾಲಯದಲ್ಲಿ ಪಾಪನಿವೇದನೆಗೆ, ಅಂದರೆ ಫಾದರ್ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ, ಜನ ಜಾಸ್ತಿ. ವರ್ಷಕ್ಕೆ ಒಂದು ಸಲವಾದರೂ ಮಾಡಲೇಬೇಕು ಎಂದು 1215ರಲ್ಲೇ ಕಥೋಲಿಕ ಧರ್ಮಸಭೆಯ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಆ ಒಂದು ಸಲವನ್ನೂ ಈಸ್ಟರ್ ಹತ್ತಿರ ಬರುವ ತನಕ ಮುಂದೂಡುವವರೇ ಹೆಚ್ಚು ಬಿಡಿ!

"ದೇವರಿಗೇ ಹೇಳಿದರೆ ಆಗಲ್ವಾ, ನಡುವೆ ಫಾದರ್ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಮಕ್ಕಳೂ ಕೇಳುತ್ತಾರೆ.

ದೇವರಿಗೆ ದಿನವೂ ಹೇಳಬೇಕು, ಬೇಡ ಅಂದವರು ಯಾರು? ಆದರೆ ಮನಸ್ಸಿನಲ್ಲೇ ಹೇಳಿಕೊಳ್ಳುವಾಗ ನಾವೇ ಆರೋಪಿ, ನಾವೇ ವಕೀಲ, ನಾವೇ ಜಡ್ಜ್. ತೀರ್ಪು ಯಾರ ಕಡೆ ಬರುತ್ತದೆ ಹೇಳಿ! ಕೆಲವರದ್ದು ಉಲ್ಟಾ. ಹಳೆಯ ತಪ್ಪನ್ನು ಎಷ್ಟು ವರ್ಷವಾದರೂ ಮನಸ್ಸು ಬಿಟ್ಟುಕೊಡುವುದಿಲ್ಲ. 'ಕ್ಷಮಿಸಿದ್ದೇನೆ' ಎಂಬ ಮಾತು ಹೊರಗಿನಿಂದ ಕಿವಿಗೆ ಬೀಳುವುದು ಇಬ್ಬರಿಗೂ ಬೇಕು.

ಪುನರುತ್ಥಾನದ ದಿನ ಸಂಜೆ ಯೇಸುಸ್ವಾಮಿ ಶಿಷ್ಯರ ಮೇಲೆ ಉಸಿರೂದಿ, ಪಾಪ ಕ್ಷಮಿಸುವ ಅಧಿಕಾರ ಕೊಟ್ಟರು ಎನ್ನುತ್ತದೆ ಬೈಬಲಿನ ಯೊವಾನ್ನರ ಶುಭಸಂದೇಶ. ಫಾದರ್ ಕ್ಷಮಿಸುವುದು ಆ ಅಧಿಕಾರದಿಂದ, ತಮ್ಮ ದೊಡ್ಡತನದಿಂದ ಅಲ್ಲ. ಅವರ ಪಾಪವನ್ನು ಅವರೇ ಕ್ಷಮಿಸಿಕೊಳ್ಳಲೂ ಆಗದು, ಇನ್ನೊಬ್ಬ ಗುರುವಿನ ಬಳಿ ಹೋಗಬೇಕು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ದೇವಾಲಯದಲ್ಲಿ, ಎಲ್ಲರೆದುರೇ, ಒಬ್ಬ ಗುರುವಿನ ಮುಂದೆ ಮಂಡಿಯೂರಿದ್ದರು. ಕೇಳಿಸಿಕೊಂಡದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ, ಪೊಲೀಸರಿಗೂ ಇಲ್ಲ. ಬೇಕೆಂದೇ ಹೇಳಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ.

ಹೇಳಿ ಬಂದರೆ ಸುಮ್ನೆ ತೊಳೆದುಹೋಗುತ್ತದೆ ಅಂದುಕೊಳ್ಳುವವರೂ ಇದ್ದಾರೆ. ಹಾಗಲ್ಲ. ಪಶ್ಚಾತ್ತಾಪ ಬೇಕು, ಪ್ರಾಯಶ್ಚಿತ್ತ ಬೇಕು, ಕಿತ್ತುಕೊಂಡದ್ದನ್ನು ಹಿಂದಿರುಗಿಸಬೇಕು. ನಮ್ಮ ಮಲೆನಾಡಿನಲ್ಲಿ ಬೇಲಿ ಸರಿಸಿ ಪಕ್ಕದವರ ಅಡಿಕೆ ಮರ ಒಳಗೆ ಹಾಕಿಕೊಂಡವರಿದ್ದಾರೆ, ಕೊನೆ ಕೊಯ್ದವರ ಕೂಲಿ ಉಳಿಸಿಕೊಂಡವರಿದ್ದಾರೆ. ಮೂರು 'ನಮೋ ಮರಿಯಾ' ಪ್ರಾರ್ಥನೆ ಹೇಳಿದರೆ ಬೇಲಿ ತಾನಾಗಿ ಹಿಂದೆ ಹೋಗುತ್ತದಾ? ಬೈಬಲಿನಲ್ಲಿ ಬರುವ, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಾಲ್ಕರಷ್ಟು ಬೇಡ, ಆ ಕೂಲಿಯನ್ನಾದರೂ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ಕೊಟ್ಟುಬಿಡಬಹುದಲ್ವಾ?