ಬೇರು ನೋಡಿದ್ರಾ?

ಕಳೆದ ಭಾನುವಾರ ನನ್ನ ಆರ್ಕಿಡ್ ಗಿಡವನ್ನು ಕುಂಡದಿಂದ ಹೊರತೆಗೆದು ಹಳೆಯ ಪತ್ರಿಕೆಯೊಂದರ ಮೇಲೆ ಮಲಗಿಸಿದಾಗ ಎದ್ದ ಕೊಳಕು ವಾಸನೆ ಎರಡು ದಿನ ಮೂಗಿನಲ್ಲೇ ಇತ್ತು. ವಾಸನೆ ಈಗ ಹೋಗಿದೆ. ಮೇಲಿನ ಮನೆಯ ಮೇಡಂ ಹಿಂದಿನ ಸಂಜೆ ಮೆಟ್ಟಿಲ ಬಳಿ ನಿಂತು ಕೇಳಿದ ಎರಡೇ ಪದಗಳ ಪ್ರಶ್ನೆ ಮಾತ್ರ ಹೋಗಿಲ್ಲ.

ಅವರನ್ನು ತಡೆದು ನಿಲ್ಲಿಸಿದವನು ನಾನೇ. ಎಲೆಗಳು ಜೋತುಬಿದ್ದಿವೆ, ಮುಟ್ಟಿದರೆ ಹಳೆಯ ಚರ್ಮದ ಚೀಲದಂತೆ ಸುಕ್ಕುಸುಕ್ಕಾಗಿವೆ, ದಿನವೂ ತಪ್ಪದೆ ನೀರು ಹಾಕುತ್ತಿದ್ದೇನೆ, ಬಾಡುವುದು ಹೆಚ್ಚಾದ ಮೇಲೆ ಎರಡು ಹೊತ್ತು ಹಾಕುತ್ತಿದ್ದೇನೆ, ಆದರೂ ಚೇತರಿಸಿಕೊಳ್ಳುತ್ತಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಬೇರು ನೋಡಿದ್ರಾ?" ಎಂದರು. ಇಲ್ಲವೆಂದೆ. "ನೋಡಿ" ಎಂದವರೇ ಮೆಟ್ಟಿಲು ಹತ್ತಿ ಹೋದರು. ಜೀವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರಿಗೆ ಇನ್ನೆರಡು ಮಾತು ಭಾರವಾಗುತ್ತಿತ್ತೇ ಎಂದು ನನಗೆ ಸಿಟ್ಟು ಬಂದದ್ದು ನಿಜ. ಅವರದು ಬಿಗುಮಾನದ ಸ್ವಭಾವ ಎಂಬ ನನ್ನ ಹಳೆಯ ಅಭಿಪ್ರಾಯ ಆ ಸಂಜೆ ಇನ್ನಷ್ಟು ಗಟ್ಟಿಯಾಯಿತು.

ಗಿಡ ಉಡುಗೊರೆಯಾಗಿ ಬಂದದ್ದು. ಕೊಟ್ಟ ಸಹೋದ್ಯೋಗಿ ಕೊಟ್ಟು ಸುಮ್ಮನಾಗುವವರಲ್ಲ. ಹೂವು ಹೇಗಿದೆ, ಇನ್ನೂ ಇದೆಯೇ ಎಂದು ವಾರವಾರವೂ ವಿಚಾರಿಸುತ್ತಾರೆ, ಉತ್ತರಕ್ಕೆ ಕಾಯುವಾಗ ಪರೀಕ್ಷಕರ ಮುಖ ಮಾಡುತ್ತಾರೆ. ಅದು ಫೆಲನಾಪ್ಸಿಸ್, ಅಂದರೆ ಹೊಸಬರು ಧೈರ್ಯವಾಗಿ ಬೆಳೆಸಬಹುದೆಂದು ಎಲ್ಲರೂ ಹೇಳುವ ಜಾತಿ. ಅರಳಿದ ಹೂವು ಹಾರಲು ಸಿದ್ಧವಾದ ಪತಂಗದಂತೆ ಕಾಣುತ್ತದೆ. 1825ರಲ್ಲಿ ಬ್ಲೂಮೆ ಎಂಬ ಸಸ್ಯವಿಜ್ಞಾನಿ ಇದಕ್ಕೆ ಹೆಸರಿಟ್ಟದ್ದೂ ಅದೇ ಹೋಲಿಕೆಯಿಂದ. ಮೊದಲ ಎರಡು ತಿಂಗಳು ಹೂವುಗಳು ಅಲುಗದೆ ನಿಂತಿದ್ದವು, ಅದು ನನ್ನ ಆರೈಕೆಯ ಫಲವೆಂದು ನಾನು ನಂಬಿದ್ದೆ. ಈ ಹೂವು ಎರಡು ಮೂರು ತಿಂಗಳು ಬಾಳುವುದು ಅದರ ಗುಣ. ನನ್ನ ಪಾಲು ಅದರಲ್ಲಿ ಏನೂ ಇರಲಿಲ್ಲ.

ಗಿಡ ಬಂದಾಗ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿತ್ತು. ನೋಡಲು ಬಡಕಲಾಗಿ ಕಾಣುತ್ತದೆಂದು ನಾನು ಅದನ್ನು ಹಾಗೆಯೇ ಒಂದು ನೀಲಿ ಪಿಂಗಾಣಿ ಕುಂಡದೊಳಗೆ ಇಳಿಸಿಟ್ಟೆ. ಆ ಪ್ಲಾಸ್ಟಿಕ್ ಪಾರದರ್ಶಕವಾಗಿರುವುದು ಬೇರು ಕಾಣಲೆಂದೇ ಎಂಬುದು ನನಗೆ ಹೊಳೆಯಲಿಲ್ಲ. ಕಾಡಿನಲ್ಲಿ ಈ ಗಿಡ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುತ್ತದೆ. ಬದನಿಕೆಯಂತೆ ಮರದ ರಸ ಹೀರುವುದಿಲ್ಲ, ಆಸರೆಯನ್ನಷ್ಟೇ ಪಡೆದು ಬೇರುಗಳನ್ನು ಗಾಳಿಗೆ ಬಿಟ್ಟುಕೊಂಡಿರುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಹೊದಿಕೆಯೊಂದಿದೆ. ಮಳೆ ಬಿದ್ದಾಗ ಅದು ನೀರನ್ನು ಹೀರಿಕೊಂಡು ಒಳಗಿನ ಹಸಿರನ್ನು ತೋರಿಸುತ್ತದೆ. ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಹಸಿರಾಗಿದ್ದರೆ ನೀರು ಬೇಡ, ಬೆಳ್ಳಿಯಾದರೆ ಬೇಕು. ಇಷ್ಟು ಸರಳವಾದ ಸೂಚನೆಯನ್ನು ಗಿಡ ದಿನವೂ ಕೊಡುತ್ತಿತ್ತು, ನಾನು ಅದರ ಮೇಲೆ ಪಿಂಗಾಣಿ ಮುಚ್ಚಿ, ಹರಿದುಹೋಗಬೇಕಾದ ನೀರನ್ನೂ ಅದರ ತಳದಲ್ಲಿ ತಡೆದು ನಿಲ್ಲಿಸಿದ್ದೆ.

ಭಾನುವಾರ ಕಂಡದ್ದು ಇದು. ಮೇಲ್ಭಾಗದ ತೊಗಟೆಚೂರುಗಳು ಒಣಗಿದ್ದವು, ಆದರೆ ನಡುವೆ ನರ್ಸರಿಯವರು ತುರುಕಿದ್ದ ಪಾಚಿಯ ಮುದ್ದೆ ಹಿಂಡಿದರೆ ನೀರಿಳಿಯುವಷ್ಟು ಒದ್ದೆಯಾಗಿತ್ತು. ಬೇರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಒಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಹೊದಿಕೆಯೆಲ್ಲ ಬೇಯಿಸಿದ ತರಕಾರಿಯ ಸಿಪ್ಪೆಯಂತೆ ಕಳಚಿ ಕೈಗೆ ಬಂತು, ಒಳಗಿನ ನಾರು ಮಾತ್ರ ದಾರದಂತೆ ಗಿಡದಲ್ಲಿ ನೇತಾಡಿತು. ಕತ್ತರಿಯನ್ನು ಬೆಂಕಿಗೆ ಹಿಡಿದು, ಆರಿದ ಮೇಲೆ, ಒಂದೊಂದೇ ಬೇರನ್ನು ಒತ್ತಿ ನೋಡುತ್ತ ಮೆತ್ತಗಿದ್ದುದನ್ನೆಲ್ಲ ತೆಗೆದೆ. ಹದಿಮೂರರಲ್ಲಿ ಉಳಿದದ್ದು ನಾಲ್ಕು. ಒಣಗಿದ ಹೂದಂಡನ್ನೂ ಕತ್ತರಿಸಿ, ಉಳಿದ ಬೇರಿಗೆ ತಕ್ಕ ಚಿಕ್ಕ ಪಾರದರ್ಶಕ ಕುಂಡದಲ್ಲಿ ತೊಗಟೆ ಮತ್ತು ಇದ್ದಿಲ ಚೂರು ಹಾಕಿ ನೆಟ್ಟೆ. ಗಾಯ ಒಣಗಲೆಂದು ಕೆಲವು ದಿನ ನೀರು ಹಾಕುವಂತಿಲ್ಲ. ನನಗೆ ಅತಿ ಕಷ್ಟವಾಗಿರುವ ಭಾಗ ಇದೇ.

ನನ್ನನ್ನು ಕಾಡುವುದು ಆ ಸುಕ್ಕಿದ ಎಲೆ. ನೀರಿಲ್ಲದೆ ಒಣಗಿದರೂ ಎಲೆ ಹಾಗೆಯೇ ಸುಕ್ಕುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಹಾಗೆಯೇ ಸುಕ್ಕುತ್ತದೆ, ಏಕೆಂದರೆ ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಕಾಲಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತಿರುತ್ತದೆ, ಅದನ್ನು ಕಂಡು ಮರುಗಿ ನಾವು ಮತ್ತೊಂದು ಲೋಟ ಸುರಿಯುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ದೂರದ ಕಾಡುಗಳಿಂದ ತರಿಸಿದ ಆರ್ಕಿಡ್‌ಗಳನ್ನು ಗಾಳಿಯಾಡದ, ಬಿಸಿಯಾದ, ಸದಾ ತೇವದ ಗಾಜಿನ ಮನೆಗಳಲ್ಲಿಟ್ಟು ರಾಶಿರಾಶಿಯಾಗಿ ಕೊಂದರಂತೆ. ಉಷ್ಣವಲಯದ ಗಿಡವೆಂದ ಮೇಲೆ ಸೆಕೆಯೂ ತೇವವೂ ಎಷ್ಟಾದರೂ ಸಾಲದು ಎಂದು ಅವರು ತಿಳಿದಿದ್ದರು. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ನಿಜವಾಗಿ ನೋಡಿದರೆ ನಾನು ನೀರು ಹಾಕುತ್ತಿದ್ದುದು ಗಿಡಕ್ಕೆ ಬೇಕೆಂದಲ್ಲ. ಬೆಳಿಗ್ಗೆ ಎದ್ದು ಏನಾದರೂ ಮಾಡಿದೆನೆಂಬ ತೃಪ್ತಿ ನನಗೆ ಬೇಕಿತ್ತು. ಇದನ್ನು ಬರೆಯುವಾಗ ಅಪ್ಪನ ಕೊನೆಯ ತಿಂಗಳುಗಳು ನೆನಪಾಗುತ್ತವೆ. ನಾನು ಗಳಿಗೆಗೊಮ್ಮೆ ದಿಂಬು ಸರಿಪಡಿಸುತ್ತಿದ್ದೆ, ಹೊದಿಕೆ ಎಳೆಯುತ್ತಿದ್ದೆ, ಬೇಡವೆಂದರೂ ಹಣ್ಣಿನ ರಸ ಹಿಡಿಯುತ್ತಿದ್ದೆ. ಅಕ್ಕ ಮಂಚದ ಪಕ್ಕದ ಕುರ್ಚಿಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತಿದ್ದಳು. ಕೆಲಸವೆಲ್ಲ ನನ್ನ ತಲೆಗೆ ಕಟ್ಟಿ ಕೂತಿದ್ದಾಳೆಂದು ಆಗ ಹೆಂಡತಿಯ ಬಳಿ ದೂರಿದ್ದೂ ಉಂಟು. ಅಪ್ಪ ಒಂದು ಸಲ ನನ್ನ ಕೈ ಹಿಡಿದು ತಡೆದು, "ಸಾಕು, ಕೂತ್ಕೋ" ಎಂದಿದ್ದರು. ದಣಿದಿದ್ದೇನೆಂದು ಕನಿಕರಪಟ್ಟು ಹೇಳಿದರೆಂದೇ ಇಷ್ಟು ವರ್ಷ ತಿಳಿದಿದ್ದೆ. ಅವರಿಗೆ ಏನು ಬೇಕಿದೆಯೆಂಬುದು ಅಕ್ಕನಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ನೋಡುತ್ತ ಕೂತವಳು ಅವಳೇ ಅಲ್ಲವೇ? ಈ ಮಾತನ್ನು ಅವಳಿಗೆ ಇನ್ನೂ ಹೇಳಿಲ್ಲ. ಫೋನಿನಲ್ಲಿ ಹೇಳುವಂಥದಲ್ಲ.

ನಿನ್ನೆ ಸಂಜೆ ಮೇಡಂ ಕರೆಯದೆಯೇ ಬಂದರು. ಸುಕ್ಕು ಹೋಗದ ಎಲೆಗಳನ್ನು ನೋಡಿ ನಾನು ವಿವರಣೆ ಕೊಡಲು ಆರಂಭಿಸಿದೆ, ಅವರು ಎಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕುಂಡವನ್ನು ಅಂಗೈಯಲ್ಲಿ ಎತ್ತಿ ತೂಕ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿದ್ದ ಒಂದು ಬೇರು ಬೆಳ್ಳಿಯಾಗಿತ್ತು, ಇನ್ನೊಂದರಲ್ಲಿ ನಸುಹಸಿರು ಇನ್ನೂ ಉಳಿದಿತ್ತು. ನಾನು ಆಗಲೇ ಅಡುಗೆಮನೆಯಿಂದ ನೀರಿನ ಲೋಟ ತಂದು ಹಿಡಿದು ನಿಂತಿದ್ದೆ.

"ಇವತ್ತು ಬೇಡ" ಎಂದರು ಮೇಡಂ, ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ನೀರನ್ನು ತಾವೇ ಕುಡಿದರು.